ಬಯಾಪ್ಸಿ ರಿಪೋರ್ಟಿನ ಹಿಂದಿನ ಚಾಕು

ಊರಿನಿಂದ ಬಂದ ನೆಂಟರನ್ನು ಪರೇಲಿನ ಟಾಟಾ ಆಸ್ಪತ್ರೆಗೆ ಕರೆದುಕೊಂಡು ಹೋದ ಅನುಭವ ಮುಂಬಯಿಯ ಎಷ್ಟೋ ಕನ್ನಡಿಗರಿಗೆ ಇದೆ. ಅಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, "ಬಯಾಪ್ಸಿ ರಿಪೋರ್ಟ್ ಬಂತಾ?" ಆ ರಿಪೋರ್ಟ್ ತಯಾರಾಗುವುದು ಹೇಗೆ ಎಂದು ಯೋಚಿಸಿದ್ದೀರಾ?

ದೇಹದಿಂದ ತೆಗೆದ ಚೂರನ್ನು ಹಾಗೆಯೇ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಏನೂ ತಿಳಿಯದು. ಬೆಳಕು ಹಾಯಬೇಕಾದರೆ ಅದನ್ನು ನಾಲ್ಕೈದು ಮೈಕ್ರಾನ್ ದಪ್ಪಕ್ಕೆ ಕೊಯ್ಯಬೇಕು. ನಮ್ಮ ತಲೆಗೂದಲು ಇದರ ಹತ್ತು ಪಟ್ಟಿಗಿಂತಲೂ ದಪ್ಪ! ಹಿಂದೆ ಕೈಯಲ್ಲೇ ಕ್ಷೌರದ ಕತ್ತಿ ಹಿಡಿದು ಕೊಯ್ಯುತ್ತಿದ್ದರು. 1866ರ ಸುಮಾರಿಗೆ ವಿಲ್ಹೆಲ್ಮ್ ಹಿಸ್ ಇದಕ್ಕಾಗಿ ಮೈಕ್ರೋಟೋಮ್ ಯಂತ್ರ ಮಾಡಿದರು. 1869ರಲ್ಲಿ ಎಡ್ವಿನ್ ಕ್ಲೆಬ್ಸ್ ಮೆತ್ತಗಿನ ಚೂರಿಗೆ ಮೇಣದ ಆಸರೆ ಕೊಟ್ಟರು. 1893ರಲ್ಲಿ ಫರ್ಡಿನಾಂಡ್ ಬ್ಲೂಮ್, ಚೂರು ಕೊಳೆಯದಂತೆ ಫಾರ್ಮಾಲಿನ್‌ನಲ್ಲಿಡುವುದನ್ನು ತೋರಿಸಿದರು. 1905ರ ಜನವರಿಯಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಲೂಯಿಸ್ ವಿಲ್ಸನ್ ಕಿಟಕಿಯಾಚೆಯ ಚಳಿಯಲ್ಲೇ ಚೂರನ್ನು ಹೆಪ್ಪುಗಟ್ಟಿಸಿ ಕೊಯ್ದರಂತೆ.

ಮುಂಬಯಿಯಲ್ಲಿ ಆ ಭಾಗ್ಯ ಎಲ್ಲಿ? ಇಲ್ಲಿನ ಸೆಕೆಗೆ ಮೇಣವೇ ಮೆತ್ತಗಾಗುತ್ತದೆ! ಹಾಗಾಗಿ ಹೆಚ್ಚು ಶಾಖಕ್ಕೆ ಕರಗುವ ಗಟ್ಟಿ ಮೇಣ ಬೇಕು, ಕೊಯ್ಯುವ ಮೊದಲು ಅದನ್ನು ಮಂಜುಗಡ್ಡೆಯ ಮೇಲಿಟ್ಟು ತಣಿಸಬೇಕು. ಬಳಸಿ ಎಸೆಯುವ ಬ್ಲೇಡ್ ಬರುವ ಮುಂಚೆ ಉಕ್ಕಿನ ಚಾಕುವನ್ನು ಕಲ್ಲಿಗೆ ಉಜ್ಜಿ, ಚರ್ಮದ ಪಟ್ಟಿಗೆ ತೀಡಿ ಹರಿತ ಮಾಡಬೇಕಿತ್ತು. ಅಂಚು ಒಂದಿಷ್ಟು ಮುಕ್ಕಾದರೂ ಪದರದ ಮೇಲೆ ಗೀರು ಬೀಳುತ್ತಿತ್ತು.

ಟಾಟಾ ಆಸ್ಪತ್ರೆ ಶುರುವಾದದ್ದು 1941ರ ಫೆಬ್ರವರಿ 28ರಂದು. ಅಲ್ಲಿನ ಪ್ರಯೋಗಾಲಯವನ್ನು ಕಟ್ಟಿದವರು ಡಾ. ವಸಂತ ರಾಮ್‌ಜಿ ಖಾನೋಲ್ಕರ್. ಕ್ಯಾನ್ಸರ್ ಮಾತ್ರವಲ್ಲ, ಕುಷ್ಠರೋಗವನ್ನೂ ಅವರು ಅಭ್ಯಾಸ ಮಾಡಿದರು. ಆ ರೋಗದ ಆರಂಭದ ಮಚ್ಚೆಗಳ ಅಂಗಾಂಶದ ಬಗ್ಗೆ ಅವರ ವರದಿ 1951ರಲ್ಲಿ ಬಂತು. ರೋಗಾಣು ಹುಡುಕಬೇಕಾದದ್ದು ಚರ್ಮದೊಳಗಿನ ಕೂದಲೆಳೆಯಂಥ ನರಗಳಲ್ಲಿ. ಪದರ ಮಡಚಿಕೊಂಡರೆ, ಹರಿದರೆ, ಆ ನರವೇ ಕೈತಪ್ಪಬಹುದು. ಊರಿಂದ ಹೊರಗಿಡುತ್ತಿದ್ದ ರೋಗವಲ್ಲವೇ ಅದು? ಬೇಗ ಗೊತ್ತಾಗುವುದಕ್ಕೂ ತಡವಾಗುವುದಕ್ಕೂ ಒಬ್ಬರ ಬದುಕಿನಷ್ಟೇ ಅಂತರ.

ಈಗ ಯಂತ್ರಗಳು ಸುಧಾರಿಸಿವೆ. ಆದರೂ ಮೇಣದ ಆ ಪದರವನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಸಿ, ಸುಕ್ಕಿಲ್ಲದಂತೆ ಗಾಜಿನ ಮೇಲೆ ಎತ್ತಿಕೊಳ್ಳುವುದು ಹೆಚ್ಚಿನ ಕಡೆ ಇಂದಿಗೂ ಕೈಯ ಕೆಲಸವೇ. ಸರಿಯಾಗದಿದ್ದರೆ ಮತ್ತೆ ಕೊಯ್ಯಬೇಕು. ಚೂರು ತೀರಾ ಸಣ್ಣದಿದ್ದು ಮುಗಿದೇಹೋದರೆ ರೋಗಿಗೆ ಮತ್ತೆ ಸೂಜಿ!

ರಿಪೋರ್ಟಿನ ಕೆಳಗೆ ಡಾಕ್ಟರ ಸಹಿ ಇರುತ್ತದೆ, ಕೊಯ್ದ ಟೆಕ್ನಿಶಿಯನ್ನರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಮುಂದಿನ ಸಲ ರಿಪೋರ್ಟ್ ಎರಡು ದಿನ ತಡವಾದರೆ, ಗೊಣಗುವ ಮೊದಲು ಅವರನ್ನೊಮ್ಮೆ ನೆನೆಯೋಣ.