ಠಾಣೆಯ ಸುವರ್ಣಗರುಡಧ್ವಜ

ಕರ್ನಾಟಕದ ಪ್ರಾಚೀನ ಅರಸುಮನೆತನಗಳಲ್ಲಿ ಧ್ವಜವೂ ಲಾಂಛನವೂ ಒಂದೇ ಆಗಿರಲಿಲ್ಲ. ಲಾಂಛನವು ತಾಮ್ರಶಾಸನದ ಮುದ್ರೆಯಲ್ಲಿ ಮೂಡುವಂಥದು. ಧ್ವಜವು ದಂಡಿನ ಮುಂದೆ ಹಾರುವಂಥದು. ಹಾನಗಲ್ಲಿನ ಕದಂಬರಿಗೆ ಸಿಂಹಲಾಂಛನ, ವಾನರಧ್ವಜ; ಸವದತ್ತಿಯ ರಟ್ಟರಿಗೆ ಗಜಲಾಂಛನ, ಸುವರ್ಣಗರುಡಧ್ವಜ. ಇದೇ ಸುವರ್ಣಗರುಡನನ್ನು ಎತ್ತಿಹಿಡಿದ ಇನ್ನೊಂದು ಮನೆತನವೆಂದರೆ ಶ್ರೀಸ್ಥಾನಕದಿಂದ, ಅಂದರೆ ಇಂದಿನ ಠಾಣೆಯಿಂದ, ಉತ್ತರ ಕೊಂಕಣವನ್ನಾಳಿದ ಶಿಲಾಹಾರರದು.

ಶಿಲಾಹಾರರು ರಾಷ್ಟ್ರಕೂಟರ ಸಾಮಂತರು. ಕಾನ್ಹೇರಿ ಗುಹೆಯ 877ರ ಶಾಸನದಲ್ಲಿ ಎರಡನೆಯ ಕಪರ್ದಿಯ ಒಡೆಯನಾಗಿ ಕಾಣಿಸಿಕೊಳ್ಳುವವನು ಅಮೋಘವರ್ಷ ನೃಪತುಂಗನೇ. ರಾಷ್ಟ್ರಕೂಟರ ಮುದ್ರೆಯಲ್ಲಿಯೂ ಗರುಡನಿರುವುದರಿಂದ ಠಾಣೆಯ ಗರುಡನು ಒಡೆಯರಿಂದ ಬಂದವನೆಂದು ಎಣಿಸುವುದು ಸುಲಭ. ಆದರೆ ಈ ಮನೆತನಕ್ಕೆ ತನ್ನದೇ ಆದ ಕಥೆಯೂ ಇತ್ತು. ನಾಗನೊಬ್ಬನನ್ನು ಉಳಿಸಲೆಂದು ಶಿಲೆಯ ಮೇಲೆ ತಾನೇ ಗರುಡನಿಗೆ ಆಹಾರವಾಗಹೊರಟ ವಿದ್ಯಾಧರ ಜೀಮೂತವಾಹನನೇ ಇವರ ಮೂಲಪುರುಷ. ಶಿಲಾಹಾರವೆಂಬ ಹೆಸರಿಗೂ ಅದೇ ವ್ಯುತ್ಪತ್ತಿ. ಹೆಸರು ಮೊದಲಿನದು, ಕಥೆ ಆಸ್ಥಾನಪಂಡಿತರ ಜೋಡಣೆ ಎಂದು ತಿಳಿಯುವುದೇ ಯುಕ್ತ. ಮೂಲಪುರುಷನನ್ನು ತಿನ್ನಬಂದವನನ್ನೇ ಬಾವುಟಕ್ಕೇರಿಸಿದುದು ವಿನೋದವೇ ಸರಿ.

973ರಲ್ಲಿ ಚಾಲುಕ್ಯ ತೈಲಪನು ಇಮ್ಮಡಿ ಕರ್ಕನನ್ನು ಸೋಲಿಸಲು, ರಾಷ್ಟ್ರಕೂಟ ಸಾಮ್ರಾಜ್ಯ ಅಳಿಯಿತು. ಇಪ್ಪತ್ತನಾಲ್ಕು ವರ್ಷಗಳ ಅನಂತರ, 997ರಲ್ಲಿ, ಶಿಲಾಹಾರ ಅಪರಾಜಿತನು ಕಲ್ಯಾಣಕ್ಕೆ ಸಮೀಪದ ಲೋನಾಡಿನ ಸೂರ್ಯದೇವನಾದ ಲೋಣಾದಿತ್ಯನಿಗೆ ಭಾದಾನ ಗ್ರಾಮವನ್ನು ದತ್ತಿ ಬಿಟ್ಟನು. ಆ ಶಾಸನವು ದಾನಿಯ ವಂಶಕ್ಕಿಂತ ಮೊದಲು ರಾಷ್ಟ್ರಕೂಟರ ವಂಶಾವಳಿಯನ್ನೇ ಹೇಳಿ, ಅವರ ಪತನಕ್ಕಾಗಿ ಮರುಗುತ್ತದೆ. ಹೊಗಳಿ ಗಳಿಸಿಕೊಳ್ಳಲು ಒಡೆಯನೇ ಉಳಿದಿರಲಿಲ್ಲ. ಆದುದರಿಂದಲೇ ಆ ಮಾತಿಗೆ ತೂಕ ಹೆಚ್ಚು. ಪವಿತ್ರ ರೋಮನ್ ಸಾಮ್ರಾಜ್ಯವು 1806ರಲ್ಲಿ ಕೊನೆಗೊಂಡರೂ ಅದರ ಹದ್ದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಲಾಂಛನದಲ್ಲಿ ಇಂದಿಗೂ ಇದೆ. ಅಳಿದ ಪ್ರಭುತ್ವವು ಅಧೀನರ ಚಿಹ್ನೆಗಳಲ್ಲಿ ಬಾಳುವುದು ಅಲ್ಲಿಯೂ ಕಾಣುವ ಸಂಗತಿ.

ಈ ಮನೆತನದ ದಾನಶಾಸನಗಳ ಭಾಷೆ ಸಂಸ್ಕೃತ. ಆದರೆ ಬಿರುದುಗಳ ಸಾಲಿನಲ್ಲಿ ಸುವರ್ಣಗರುಡಧ್ವಜದೊಂದಿಗೆ ‘ಮಲಗಲಗಂಡ’, ‘ನನ್ನಿಸಮುದ್ರ’ ಮುಂತಾದ ಕನ್ನಡ ಮಾತುಗಳು ಹಾಗೆಯೇ ನಿಂತಿವೆ. ನನ್ನಿಯೆಂದರೆ ಸತ್ಯ, ಗಂಗರ ‘ನನ್ನಿಯಗಂಗ’ನನ್ನು ಬಲ್ಲವರಿಗೆ ಇದು ಹೊಸದಲ್ಲ. ಬಿರುದು ಕೂಗಿ ಹೇಳುವ ಬಾವುಟ. ಅದನ್ನು ಭಾಷಾಂತರಿಸಿದರೆ ಗುರುತು ಕೆಡುತ್ತದೆ.

ಇಷ್ಟರಿಂದಲೇ ಠಾಣೆ ಸೀಮೆಯ ಜನರೆಲ್ಲ ಅಂದು ಕನ್ನಡಿಗರಾಗಿದ್ದರೆಂದು ಸಾಧಿಸಹೊರಡುವ ಉತ್ಸಾಹ ಸಲ್ಲದು. ಬಿರುದುಗಳು ಆಳುವ ಕುಲದ ನುಡಿಯನ್ನೂ ಅದು ಬೆಳೆದ ಆಸ್ಥಾನದ ಸಂಪ್ರದಾಯವನ್ನೂ ಸೂಚಿಸುತ್ತವೆ, ಹೊಲಗದ್ದೆಗಳ ನುಡಿಯನ್ನಲ್ಲ. ಇದೇ ವಂಶದ ಇಮ್ಮಡಿ ಅಪರಾದಿತ್ಯನ 1187ರ ಪರಳ ಶಾಸನದಲ್ಲಿ, ದತ್ತಿಯನ್ನು ಕೆಡಿಸುವವನಿಗೆ ಹಾಕಿದ ಶಾಪವು ಮರಾಠಿಯಲ್ಲಿದೆ. ಬಿರುದು ಸರೀಕ ಅರಸರಿಗೆ ಕೇಳಬೇಕಾದುದು, ಶಾಪ ಊರವರಿಗೆ ತಿಳಿಯಬೇಕಾದುದು.

ಸುಮಾರು 1265ರಲ್ಲಿ ದೇವಗಿರಿಯ ಸೇವುಣ ಮಹಾದೇವನು ಕೊನೆಯ ಶಿಲಾಹಾರ ಸೋಮೇಶ್ವರನನ್ನು ಕಡಲಕಾಳಗದಲ್ಲಿ ಮುಳುಗಿಸಿ ಕೊಂಕಣವನ್ನು ಗೆದ್ದುಕೊಂಡನು. ಗೆದ್ದ ಸೇವುಣರ ಧ್ವಜವೂ ಸುವರ್ಣಗರುಡಧ್ವಜವೇ ಆಗಿತ್ತು.