ಟೀವಿ ಹಿಂದಿನ ಡಬ್ಬಿ

ನಮ್ಮನೆ ಟೀವಿಯ ಬೆನ್ನಿಗೆ ಒಂದು ಪುಟ್ಟ ಡಬ್ಬಿ ಅಂಟಿಕೊಂಡಿದೆ. ಇಸ್ಪೀಟ್ ಪ್ಯಾಕಿಗಿಂತ ಚೂರು ದೊಡ್ಡದು, ಅಷ್ಟೆ. ಬಾಗಿಲ ಹತ್ತಿರ ಚಪ್ಪಲಿ ಸ್ಟ್ಯಾಂಡಿನ ಮೇಲೆ ಸ್ಕ್ರೀನ್ ಹೋದ ಹಳೇ ಲ್ಯಾಪ್‌ಟಾಪ್ ಒಂದು 4 ಟಿಬಿ ಹಾರ್ಡ್ ಡಿಸ್ಕ್ ಕಟ್ಟಿಕೊಂಡು ಹಗಲೂ ರಾತ್ರಿ ಓಡ್ತಾ ಇರುತ್ತೆ. ಅದು ಸರ್ವರ್, ಇದು ಟೀವಿಯ ಕಂಪ್ಯೂಟರ್. ಅಮ್ಮನ ಲೆಕ್ಕದಲ್ಲಿ ಎರಡೂ ಸೇರಿ "ನಿನ್ ಗುಜರಿ". ಆಫೀಸಿನಲ್ಲಿ ಯಾರಿಗಾದರೂ ಹೇಳಿದರೆ ಬರೋ ಪ್ರಶ್ನೆ ಒಂದೇ: ಓಟಿಟಿ ಇರೋವಾಗ ಇದೆಲ್ಲ ಯಾಕಪ್ಪಾ?

ನೇರ ಉತ್ತರ, ಅಪ್ಪ ಅಮ್ಮನ ಮದುವೆ ವಿಡಿಯೊ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಈ ಡಬ್ಬಿ ಹುಟ್ಟಿದ ಕಥೆ ಹೇಳಬೇಕು. ಅಂಗಡಿಯಿಂದ ತಂದ ಪೆಟ್ಟಿಗೆ "ಇದು ಆಗಲ್ಲ" ಅಂದಾಗೆಲ್ಲ ಯಾರೋ ಒಬ್ಬರು "ಯಾಕೆ ಆಗಲ್ಲ?" ಅಂತ ಕೂತು ಮಾಡಿದ ಕಥೆ ಅದು.

1999ರಲ್ಲಿ ಅಮೆರಿಕದಲ್ಲಿ ಟಿವೊ ಅನ್ನೋ ಪೆಟ್ಟಿಗೆ ಬಂತು. ಕಾರ್ಯಕ್ರಮಗಳನ್ನ ಕ್ಯಾಸೆಟ್ಟಿನ ಬದಲು ಹಾರ್ಡ್ ಡಿಸ್ಕಿಗೆ ರೆಕಾರ್ಡ್ ಮಾಡೋದು. ನೇರ ಪ್ರಸಾರವನ್ನೂ ನಿಲ್ಲಿಸಿ ಕಾಫಿ ಕುಡಿದು ಬರಬಹುದಿತ್ತು. ಒಳಗಿದ್ದದ್ದು ಲಿನಕ್ಸ್. ಲಿನಕ್ಸಿನ ಲೈಸೆನ್ಸ್ ಪ್ರಕಾರ ಕಂಪನಿ ಸೋರ್ಸ್ ಕೋಡನ್ನೂ ಕೊಟ್ಟಿತು. ಆದರೆ ಆ ಕೋಡನ್ನ ನೀವು ತಿದ್ದಿ ವಾಪಸ್ ಹಾಕಿದರೆ, ಪೆಟ್ಟಿಗೆ ಅದರ ಡಿಜಿಟಲ್ ಸಹಿ ನೋಡಿ, ಇದು ನಮ್ಮದಲ್ಲ ಅಂತ ಓಡೋದೇ ಇಲ್ಲ. ಅಡುಗೆ ಪುಸ್ತಕ ಕೊಟ್ಟು ಒಲೆಗೆ ಬೀಗ ಹಾಕಿದ ಹಾಗೆ. ಸಾಫ್ಟ್‌ವೇರ್ ಸ್ವಾತಂತ್ರ್ಯದ ಜನ ಇದಕ್ಕೆ 'ಟಿವೊಯೈಸೇಷನ್' ಅಂತಲೇ ಹೆಸರಿಟ್ಟರು. 2007ರಲ್ಲಿ ಬಂದ ಜಿಪಿಎಲ್ ಮೂರನೇ ಆವೃತ್ತಿಯಲ್ಲಿ ಇದನ್ನು ತಡೆಯೋ ಷರತ್ತನ್ನೇ ಬರೆದರು.

2002ರಲ್ಲಿ ಐಸಾಕ್ ರಿಚರ್ಡ್ಸ್ ಅನ್ನೋ ಪ್ರೋಗ್ರಾಮರ್, ಕೇಬಲ್ ಕಂಪನಿ ಕೊಟ್ಟ ಬಾಕ್ಸ್ ಚಾನೆಲ್ ಬದಲಿಸೋಕೇ ತಡ ಮಾಡುತ್ತೆ ಅಂತ ಬೇಸತ್ತು ಮಿಥ್‌ಟಿವಿ ಬರೆದ. ಮಾಮೂಲಿ ಪಿಸಿಗೆ ಟೀವಿ ಟ್ಯೂನರ್ ಕಾರ್ಡ್ ಹಾಕಿದರೆ ಅದೇ ರೆಕಾರ್ಡರ್. ಅದೇ ವರ್ಷ ಮೈಕ್ರೋಸಾಫ್ಟ್ ಕೂಡ ವಿಂಡೋಸ್ ಎಕ್ಸ್‌ಪಿಯ ಮೀಡಿಯಾ ಸೆಂಟರ್ ಆವೃತ್ತಿ ತಂದಿತು. ಮೊದಮೊದಲು ಬಿಡಿಯಾಗಿ ಸಿಗ್ತಿರಲಿಲ್ಲ, ಹೊಸ ಕಂಪ್ಯೂಟರ್ ಜೊತೆಗೇ ಕೊಳ್ಳಬೇಕು. ನೋಡೋಕೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. 2015ರಲ್ಲಿ ವಿಂಡೋಸ್ 10 ಬಂದಾಗ ಅದನ್ನ ಕೈಬಿಟ್ಟರು. ವರ್ಷಗಟ್ಟಲೆ ಅದನ್ನೇ ನೆಚ್ಚಿಕೊಂಡವರ ಕೈಯಲ್ಲಿ ಉಳಿದದ್ದು ಹಸಿರು ಬಟನ್ನಿನ ರಿಮೋಟ್.

ನನಗೆ ಇಡೀ ಕಥೆಯಲ್ಲಿ ಇಷ್ಟವಾಗೋದು ಎಕ್ಸ್‌ಬಾಕ್ಸ್ ಭಾಗ. ನವೆಂಬರ್ 2001ರಲ್ಲಿ ಬಂದ ಮೊದಲ ಎಕ್ಸ್‌ಬಾಕ್ಸ್ ಹೆಸರಿಗೆ ಆಟದ ಯಂತ್ರ. ಬಿಚ್ಚಿ ನೋಡಿದರೆ 733 ಮೆಗಾಹರ್ಟ್ಸಿನ ಇಂಟೆಲ್ ಪ್ರೊಸೆಸರ್, 64 ಎಂಬಿ ಮೆಮೊರಿ, ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್, ನೆಟ್‌ವರ್ಕ್ ಪೋರ್ಟ್: ಸಾಕ್ಷಾತ್ ಪಿಸಿ. ಬೆಲೆ 299 ಡಾಲರ್. ತಮಾಷೆ ನೋಡಿ, ಡಿವಿಡಿ ಡ್ರೈವ್ ಇದ್ದರೂ ಡಿವಿಡಿ ಸಿನಿಮಾ ಓಡ್ತಿರಲಿಲ್ಲ. ಅದಕ್ಕೆ ಪ್ರತ್ಯೇಕ ದುಡ್ಡು ಕೊಟ್ಟು ರಿಮೋಟ್ ಕಿಟ್ ತರಬೇಕಿತ್ತು.

2002ರಲ್ಲಿ ಎಂಐಟಿಯ ವಿದ್ಯಾರ್ಥಿ ಆಂಡ್ರ್ಯೂ 'ಬನ್ನಿ' ಹುವಾಂಗ್, ಯಂತ್ರದೊಳಗೆ ಚಿಪ್‌ನಿಂದ ಚಿಪ್‌ಗೆ ಓಡೋ ಸಂಕೇತಗಳನ್ನ ತಾನೇ ಮಾಡಿದ ಸರ್ಕ್ಯೂಟ್ ಬೋರ್ಡಿನಿಂದ ಕದ್ದು ಕೇಳಿ, ಒಳಗೆ ಅಡಗಿಸಿಟ್ಟಿದ್ದ ಗುಪ್ತ ಕೀಯನ್ನು ಹೊರತೆಗೆದ. ಮಾಡ್‌ಚಿಪ್ ಬೆಸುಗೆ ಹಾಕೋರು ಬೆಸುಗೆ ಹಾಕಿದರು. ಮೆಕ್‌ಅಸಾಲ್ಟ್ ಅನ್ನೋ ಆಟದ ಸೇವ್ ಫೈಲಿನಲ್ಲಿದ್ದ ತೂತಿನಿಂದ ಚಿಪ್ಪೇ ಇಲ್ಲದೆ ಒಳಗೆ ನುಗ್ಗೋದನ್ನೂ ಕಂಡುಹಿಡಿದರು. ಹಾಗೆ ತೆರೆದ ಬಾಗಿಲಿನಿಂದ ಒಳಗೆ ಹೋದದ್ದು ಪುಕ್ಕಟೆ ವಿಡಿಯೊ ಪ್ಲೇಯರ್. ಎಕ್ಸ್‌ಬಾಕ್ಸ್ ಮೀಡಿಯಾ ಪ್ಲೇಯರ್ ಅಂತ ಶುರುವಾಗಿ, 2004ರ ಜೂನ್ ಹೊತ್ತಿಗೆ ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್ ಅಂತ ಮೊದಲ ಆವೃತ್ತಿ ಬಂತು. ಎಲ್ಲರ ಬಾಯಲ್ಲಿ ಎಕ್ಸ್‌ಬಿಎಂಸಿ. ಮಹಡಿ ಮೇಲಿನ ಪಿಸಿಯಲ್ಲಿರೋ ಫೈಲು ಕೇಬಲ್ಲಿನಲ್ಲಿ ಇಳಿದು ಹಾಲಿನ ಟೀವಿಯಲ್ಲಿ ಓಡೋದು. (ಹಾಲು ಅಂದರೆ ಕುಡಿಯೋ ಹಾಲಲ್ಲ, ಕೂರೋ ಹಾಲು.)

ಅದನ್ನ ಕಟ್ಟೋಕೆ ಮೈಕ್ರೋಸಾಫ್ಟಿನದೇ ಡೆವಲಪರ್ ಕಿಟ್ ಬೇಕಿತ್ತು, ಅದು ಈ ಹುಡುಗರಿಗೆ ಅಧಿಕೃತವಾಗಿ ಸಿಕ್ಕಿದ್ದಲ್ಲ. ಹಾಗಾಗಿ ಸಿದ್ಧ ಪ್ರೋಗ್ರಾಮನ್ನ ಹಂಚೋ ಹಾಗಿಲ್ಲ, ಸೋರ್ಸ್ ಕೋಡ್ ಮಾತ್ರ ಹಂಚ್ತಿದ್ದರು. ಹೈ ಡೆಫಿನಿಷನ್ ವಿಡಿಯೊ ಬಂದಾಗ 733 ಮೆಗಾಹರ್ಟ್ಸ್ ಏದುಸಿರು ಬಿಡೋಕೆ ಶುರುಮಾಡಿತು. 2007ರಲ್ಲಿ ಲಿನಕ್ಸಿಗೆ ತರೋ ಕೆಲಸ ಶುರುವಾಯ್ತು. ಕೊನೆಗೆ ಎಕ್ಸ್‌ಬಾಕ್ಸಿನಲ್ಲೇ ಓಡದ ಸಾಫ್ಟ್‌ವೇರಿಗೆ ಆ ಹೆಸರು ಯಾಕೆ ಅಂತ 2014ರಲ್ಲಿ ಕೋಡಿ ಅಂತ ಮರುನಾಮಕರಣ ಮಾಡಿದರು. ಕೆರೆ ಕೋಡಿ ಬಿದ್ದಿದ್ದನ್ನ ನೋಡಿ ಬೆಳೆದ ನನಗೆ ಆ ಹೆಸರು ಕೇಳಿ ನಗು ಬಂದಿತ್ತು.

ಇದೇ ವರ್ಷಗಳಲ್ಲಿ ನಮ್ಮ ಹಾಸನದ ಮನೆಯಲ್ಲಿ ಏನಿತ್ತು? ಎಕ್ಸ್‌ಬಾಕ್ಸೂ ಇಲ್ಲ, ಟಿವೊನೂ ಇಲ್ಲ. ವಿಸಿಡಿ ಪ್ಲೇಯರ್ ಇತ್ತು. 1993ರ ತಂತ್ರಜ್ಞಾನ, 352 ಗುಣಿಸು 288 ಚುಕ್ಕೆಯ ಚಿತ್ರ, ಒಂದು ಡಿಸ್ಕಿಗೆ 74 ನಿಮಿಷ. ಇಂಟರ್‌ವಲ್‌ಗೆ ಎದ್ದು ಡಿಸ್ಕ್ ಬದಲಿಸೋದು ಮನೆಯ ಚಿಕ್ಕವನ ಕೆಲಸ, ಅಂದರೆ ನನ್ನದು. 2007ರ ಸುಮಾರಿಗೆ ಮೋಸರ್ ಬೇಯರ್ 28 ರೂಪಾಯಿಗೆ ವಿಸಿಡಿ, 34ಕ್ಕೆ ಡಿವಿಡಿ ಮಾರೋಕೆ ಶುರು ಮಾಡಿದಾಗ ಬಾಡಿಗೆಗೆ ತರೋದೇ ದಂಡ ಅನ್ನಿಸಿತ್ತು. ವಿಸಿಡಿಗೆ ಬೀಗ ಇರಲಿಲ್ಲ. ಕಂಪ್ಯೂಟರಿಗೆ ಹಾಕಿ ಎಂಪೆಗ್‌ಎವಿ ಫೋಲ್ಡರ್ ತೆರೆದರೆ ಒಂದು ದೊಡ್ಡ ಡ್ಯಾಟ್ ಫೈಲು. ಕಾಪಿ, ಪೇಸ್ಟ್, ಮುಗೀತು. ನಮ್ಮಲ್ಲಿ ಎಷ್ಟೋ ಜನರ ಮೊದಲ ಮೀಡಿಯಾ ಸರ್ವರ್ ಅಂದರೆ ಡಿ ಡ್ರೈವಿನ 'ನ್ಯೂ ಫೋಲ್ಡರ್ 2', ಅಲ್ವಾ?

ಹಾಲಿಗೆ ಕಂಪ್ಯೂಟರ್ ನಿಜಕ್ಕೂ ಅಗ್ಗವಾಗಿ ಬಂದದ್ದು 29 ಫೆಬ್ರವರಿ 2012ರಂದು, ರಾಸ್ಪ್‌ಬೆರಿ ಪೈ ಜೊತೆ. 35 ಡಾಲರ್. ಮಕ್ಕಳು ಪ್ರೋಗ್ರಾಮಿಂಗ್ ಕಲೀಲಿ ಅಂತ ಕೇಂಬ್ರಿಡ್ಜಿನವರು ಮಾಡಿದ ಬೋರ್ಡು. ಪ್ರೊಸೆಸರ್ 700 ಮೆಗಾಹರ್ಟ್ಸ್, ಅಂದರೆ ಎಕ್ಸ್‌ಬಾಕ್ಸಿಗಿಂತಲೂ ಕಡಿಮೆ. ಆದರೆ ಎಚ್.264 ವಿಡಿಯೊ ಬಿಡಿಸೋಕೆ ಅಂತಲೇ ಪ್ರತ್ಯೇಕ ಸರ್ಕ್ಯೂಟ್ ಚಿಪ್ಪಿನೊಳಗೇ ಇತ್ತು, ಹಾಗಾಗಿ ಪೂರ್ಣ ಎಚ್‌ಡಿ ಸಲೀಸು. ಡಿವಿಡಿಯ ಎಂಪೆಗ್-2 ಬೇಕು ಅಂದರೆ ಮಾತ್ರ 2.40 ಪೌಂಡ್ ಕೊಟ್ಟು ಲೈಸೆನ್ಸ್ ಕೀ ಕೊಳ್ಳಬೇಕು, ಅದೂ ನಿಮ್ಮ ಬೋರ್ಡಿನ ಸೀರಿಯಲ್ ನಂಬರಿಗೆ ಮಾತ್ರ. ಬೀಗ ಇಲ್ಲೂ ಇತ್ತು. ಸಣ್ಣದು, ಬೆಲೆ ಬರೆದಿತ್ತು. ಇನ್ನೊಂದು ವರ ಎಚ್‌ಡಿಎಂಐ-ಸಿಇಸಿ: ಟೀವಿಯ ರಿಮೋಟಿನಿಂದಲೇ ಕೋಡಿ ನಡೆಸಬಹುದು. ಮಿಕ್ಕ ತಾಂತ್ರಿಕ ಮಹಿಮೆ ಏನೇ ಇರಲಿ, ಅಮ್ಮ ಇದನ್ನ ಮನೆಯೊಳಗೆ ಬಿಟ್ಟುಕೊಂಡಿದ್ದು ಈ ಒಂದು ಕಾರಣಕ್ಕೆ.

ಸರ್ವರ್ ಕಡೆಯ ಕಥೆ ಚಿಕ್ಕದು. ಎಕ್ಸ್‌ಬಿಎಂಸಿಯನ್ನ ಮ್ಯಾಕ್‌ಗೆ ತರಲು ಹೊರಟವರು 2008ರಲ್ಲಿ ಬೇರೆಯಾಗಿ ಪ್ಲೆಕ್ಸ್ ಕಟ್ಟಿದರು. ಫೈಲುಗಳೆಲ್ಲ ಒಂದು ಕಡೆ, ನೋಡೋದು ಎಲ್ಲಿಂದಾದರೂ. ಚೆನ್ನಾಗಿತ್ತು, ಕಂಪನಿಯಾಯಿತು, ಸರ್ವರ್ ಕೋಡು ಮುಚ್ಚಿದ್ದೇ. 2025ರ ಏಪ್ರಿಲ್ ಕೊನೆಗೆ ಅದರ ಜೀವಮಾನದ ಪಾಸ್ ಸುಮಾರು 120 ಡಾಲರ್ ಇದ್ದದ್ದು 250ಕ್ಕೆ ಏರಿತು; ಮನೆಯಿಂದ ಹೊರಗೆ ಕೂತು ಸ್ವಂತ ಸರ್ವರಿನ ಸ್ವಂತ ವಿಡಿಯೊ ನೋಡೋದಕ್ಕೂ ದುಡ್ಡು ಕೇಳೋಕೆ ಶುರುವಾಯ್ತು. ಎಂಬಿ ಅನ್ನೋ ಇನ್ನೊಂದು ಸರ್ವರ್ ತೆರೆದ ಕೋಡಿನದಾಗಿತ್ತು, 2018ರಲ್ಲಿ ಅದೂ ಬಾಗಿಲು ಹಾಕಿಕೊಂಡಿತು. ಸಿಟ್ಟಾದವರು ಡಿಸೆಂಬರಿನಲ್ಲಿ ಕೊನೆಯ ತೆರೆದ ಕೋಡನ್ನ ಎತ್ತಿಕೊಂಡು ಜೆಲ್ಲಿಫಿನ್ ಶುರು ಮಾಡಿದರು. ನನ್ನ ಚಪ್ಪಲಿ ಸ್ಟ್ಯಾಂಡಿನ ಮೇಲೆ ಓಡೋದು ಅದೇ. ಸಿನಿಮಾ ಹೆಸರಿನ ಪಕ್ಕ ಬ್ರಾಕೆಟ್ಟಿನಲ್ಲಿ ವರ್ಷ ಬರೆದರೆ ಪೋಸ್ಟರು, ತಾರಾಗಣ ತಾನೇ ಹುಡುಕಿ ಹಾಕುತ್ತೆ. ವರ್ಷ ಬರೀದೆ ಉಪೇಂದ್ರರ 'ಎ' ಹಾಕಿ ನೋಡಿ, ಅದೂ ತಲೆ ಕೆರ್ಕೊಳ್ಳುತ್ತೆ.

ಈಗ ಮದುವೆ ವಿಡಿಯೊ. 1989ರಲ್ಲಿ ಹಾಸನದ ಛತ್ರದಲ್ಲಿ ಆದ ಮದುವೆ, ವಿಎಚ್‌ಎಸ್ ಕ್ಯಾಸೆಟ್ಟು. 2004ರಲ್ಲಿ ಊರಿನ ಸ್ಟುಡಿಯೊದವರು ಅದನ್ನ ಎರಡು ವಿಸಿಡಿ ಮಾಡಿಕೊಟ್ಟು, "ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದೆ ಸಾರ್, ಇನ್ನು ಇಟ್ಕೊಂಡು ಏನ್ ಮಾಡ್ತೀರ" ಅಂದರು. ಅಪ್ಪ ಬಿಸಾಕಿದರು. ಹದಿನೈದು ವರ್ಷದ ಮೇಲೆ ನಾನು ಬೀರುವಿನಿಂದ ತೆಗೆದಾಗ ಮೊದಲ ಡಿಸ್ಕ್ ಓದಿತು. ಎರಡನೆಯದು ಅಂಚಿನಲ್ಲಿ ಪದರ ಎದ್ದು ಗಾಜಿನ ಹಾಗೆ ಆರುಪಾರು ಕಾಣ್ತಿತ್ತು.

ಇಲ್ಲೊಂದು ಮಾತು ಮೊದಲೇ ಗೊತ್ತಿರಬೇಕಿತ್ತು. ಡೇಟಾ ಸಿಡಿಯಲ್ಲಿ ಒಂದು ಸೆಕ್ಟರಿಗೆ 2,048 ಬೈಟ್ ತುಂಬಿದರೆ ವಿಸಿಡಿಯಲ್ಲಿ 2,324 ತುಂಬುತ್ತಾರೆ. ಆ ಹೆಚ್ಚಿನ ಜಾಗ ಬಂದದ್ದು, ಗೀರು ಬಿದ್ದರೆ ತಪ್ಪು ತಿದ್ದಿಕೊಳ್ಳಲು ಮೀಸಲಿಟ್ಟ ಭಾಗದಿಂದ. ಅಂದರೆ ವಿಸಿಡಿ ಹುಟ್ಟಿನಿಂದಲೇ ಬಡಪಾಯಿ. ಕೆಟ್ಟ ಜಾಗ ಹಾರಿಸಿ ಮುಂದೆ ಓದಿ, ಆಮೇಲೆ ಹಿಂದಿರುಗಿ ಮತ್ತೆ ಮತ್ತೆ ಯತ್ನಿಸೋ ಸಾಫ್ಟ್‌ವೇರ್ ಹಾಕಿದೆ. ಒಂದು ಡ್ರೈವ್ ಓದದ ಸೆಕ್ಟರನ್ನ ಇನ್ನೊಂದು ಓದುತ್ತೆ ಅಂತ ಗೊತ್ತಾಗಿ ಎಸ್.ಪಿ. ರೋಡಿನಿಂದ ಹಳೇ ರೈಟರ್ ಎರಡು ಹೊತ್ತು ತಂದೆ. ಮೂರು ರಾತ್ರಿ. ಕೊನೆಗೆ ನಾಲ್ಕು ನಿಮಿಷ ಬಿಟ್ಟು ಉಳಿದದ್ದು ಬಂತು. ಹೋದ ನಾಲ್ಕು ನಿಮಿಷದಲ್ಲಿ ಧಾರೆ ಇತ್ತು.

ಅಪ್ಪ ಧಾರೆಗಾಗಿ ಬೇಜಾರು ಮಾಡಿಕೊಳ್ಳಲಿಲ್ಲ. ಅವರು ಹುಡುಕ್ತಿದ್ದದ್ದು ಅವರಮ್ಮನನ್ನ. ಅಜ್ಜಿ ತೀರಿಕೊಂಡದ್ದು 1997ರಲ್ಲಿ. ಅವರ ಧ್ವನಿ ಬೇರೆಲ್ಲೂ ಇಲ್ಲ. ವಿಡಿಯೊದವರು ಆ ಕಾಲದ ಪದ್ಧತಿಯಂತೆ ಉದ್ದಕ್ಕೂ ಸಿನಿಮಾ ಹಾಡು ಬಡಿದಿದ್ದಾರೆ. ಅಜ್ಜಿ ಎಷ್ಟೋ ಕಡೆ ಬಾಯಿ ಆಡಿಸ್ತಾರೆ, ಕೇಳೋದು ಹಾಡು. ಎರಡನೇ ಡಿಸ್ಕಿನಲ್ಲಿ ಒಂದೇ ಕಡೆ, ಒಂದು ಹಾಡು ಮುಗಿದು ಇನ್ನೊಂದು ಶುರುವಾಗೋ ಮಧ್ಯೆ ಏಳು ಸೆಕೆಂಡ್ ಖಾಲಿ ಬಿಟ್ಟಿದೆ. ಅಜ್ಜಿ ಕ್ಯಾಮೆರಾ ಕಡೆ ನೋಡದೆ ಯಾರಿಗೋ ಕೇಳ್ತಾರೆ: "ಎಲ್ರುದೂ ಊಟ ಆಯ್ತಾ? ಡ್ರೈವರ್ಗೆ ಹಾಕುದ್ರಾ?"

ಕೋಡಿಯಲ್ಲಿ ಅಲ್ಲಿಗೊಂದು ಬುಕ್‌ಮಾರ್ಕ್ ಹಾಕಿಕೊಟ್ಟಿದ್ದೀನಿ. ಅಪ್ಪ ಬೆಳಗ್ಗೆ ಪೇಪರ್ ಓದಿ ಮುಗಿಸಿ ಟೀವಿ ರಿಮೋಟಿನಲ್ಲೇ ಅದನ್ನ ಒತ್ತುತ್ತಾರೆ. ಮೊನ್ನೆ ಕರೆಂಟ್ ಹೋಗಿ ಬಂದಾಗ ಕೇಳಿದರು, "ಇದು ಅಳಿಸಿಗಿಳಿಸಿ ಹೋಗಲ್ಲ ತಾನೇ?" ಲ್ಯಾಪ್‌ಟಾಪ್ ಬ್ಯಾಟರಿಯೇ ಯುಪಿಎಸ್ ಅಂತ ವಿವರಿಸಿದೆ. "ಅದಲ್ಲಪ್ಪ, ಡಿಸ್ಕೇ ಹೋದ್ರೆ?" ಅಂದರು. ಇರೋದು ಒಂದೇ ಕಾಪಿ ಅಂತ ನನಗೆ ಆಗ ಹೊಳೀತು. ಶನಿವಾರ ಮತ್ತೆ ಎಸ್.ಪಿ. ರೋಡಿಗೆ ಹೋಗ್ತಿದ್ದೀನಿ, ಎರಡು ಹಾರ್ಡ್ ಡಿಸ್ಕ್ ತರೋಕೆ. ಒಂದು ಇಲ್ಲಿಗೆ, ಒಂದು ಮೈಸೂರಿನ ತಂಗಿ ಮನೆಗೆ.