ಸಾಗರದ ಎರಡು ದಡ, ಒಂದೇ ಹರಿವಾಣ

ರಾಮನಗರದಿಂದ ಚನ್ನಪಟ್ಟಣಕ್ಕೆ ಸಾಗುವ ದಾರಿಯಲ್ಲಿ ಕೆಂಗಲ್ ಸಿಗುತ್ತದೆ. ಈ ಸೀಮೆಯ ನಮ್ಮ ಮನೆಗಳಲ್ಲಿ ವಲೀಮಾ ಇರಲಿ, ಬಕ್ರೀದ್ ಇರಲಿ, ದೇಗಿನ ಮುಚ್ಚಳ ತೆರೆದೊಡನೆ ಲವಂಗ, ಏಲಕ್ಕಿಗಳ ಪರಿಮಳ ಬೀದಿಯ ತುದಿಯವರೆಗೂ ಹರಡುತ್ತದೆ. ಅನ್ನ, ಮಾಂಸದ ಸಾಲನ್, ಪಕ್ಕದಲ್ಲಿ ಒಂದಿಷ್ಟು ಕಚುಂಬರ್. ಈ ಊಟ ಎಲ್ಲಿಂದ ಬಂತೆಂದು ಮಕ್ಕಳು ಕೇಳಿದರೆ ನಾವು ಮೊಗಲರನ್ನೋ, ಹೈದರಾಬಾದನ್ನೋ, ಅರಬರನ್ನೋ ಹೆಸರಿಸುತ್ತೇವೆ. ಆಫ್ರಿಕಾದ ಹೆಸರು ಮಾತ್ರ ನಮ್ಮ ನಾಲಿಗೆಯ ಮೇಲೆ ಬರುವುದಿಲ್ಲ. ಆದರೆ ಅರಬ್ಬಿ ಸಮುದ್ರದ ಆಚೆ ದಡದಲ್ಲಿ, ಝಾಂಜಿಬಾರ್, ಮೊಂಬಾಸಾ ಮತ್ತು ಮೊಗದಿಶುವಿನ ಮುಸ್ಲಿಮ್ ಮನೆಗಳಲ್ಲಿಯೂ ಹಬ್ಬದ ದಿನ ಇದೇ ಪರಿಮಳ ಏಳುತ್ತದೆ.

ಝಾಂಜಿಬಾರಿನವರು ತಮ್ಮ ಅಡುಗೆಯನ್ನು 'ಪಿಲಾವು' ಎಂದೇ ಕರೆಯುತ್ತಾರೆ. ಅದನ್ನು ನಮ್ಮ ಒಲೆಯ ಮೇಲೂ ಸುಲಭವಾಗಿ ಮಾಡಬಹುದು. ಒಂದು ಕಿಲೋ ಕುರಿ ಅಥವಾ ದನದ ಮಾಂಸವನ್ನು ಉಪ್ಪು, ಶುಂಠಿ, ಬೆಳ್ಳುಳ್ಳಿ ಹಾಕಿ ಮೆತ್ತಗೆ ಬೇಯಿಸಿ, ಅದರ ರಸವನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ಇನ್ನೊಂದು ಪಾತ್ರೆಯಲ್ಲಿ ನಾಲ್ಕು ಈರುಳ್ಳಿಯನ್ನು ಕಡು ಕಂದು ಬಣ್ಣ ಬರುವವರೆಗೆ ಹುರಿಯಬೇಕು. ಪಿಲಾವಿಗೆ ಬಣ್ಣ ಕೊಡುವುದು ಈ ಈರುಳ್ಳಿಯೇ ಆದುದರಿಂದ ಅರಿಶಿನ ಬೇಡ, ಅವಸರವೂ ಬೇಡ. ಅನಂತರ ಜೀರಿಗೆ, ಕಾಳುಮೆಣಸು, ದಾಲ್ಚಿನ್ನಿ, ಏಲಕ್ಕಿ, ಲವಂಗಗಳನ್ನು ಹಾಕಿ ಮಾಂಸವನ್ನು ಹುರಿದು, ಮುಕ್ಕಾಲು ಕಿಲೋ ಅಕ್ಕಿಯನ್ನು ಅದೇ ರಸದಲ್ಲಿ ಬೇಯಿಸಿ ದಮ್ ಕೊಡಬೇಕು. ಜೀರಿಗೆಯ ಕೈ ನಮ್ಮಲ್ಲಿಗಿಂತ ಸ್ವಲ್ಪ ಮುಂದಿರಲಿ. ಜೊತೆಗೆ ಬಡಿಸುವ ಈರುಳ್ಳಿ, ಟೊಮೆಟೊಗಳ ಹಸಿ ಮಿಶ್ರಣವನ್ನು ಅವರು 'ಕಚುಂಬರಿ' ಎನ್ನುತ್ತಾರೆ. ಉಪ್ಪಿನಕಾಯಿಗೆ ಸ್ವಾಹಿಲಿಯಲ್ಲಿ 'ಅಚಾರಿ' ಎಂದು ಹೆಸರು. ಸೋಮಾಲಿಯಾದವರು ಇಂತಹದೇ ಅನ್ನವನ್ನು 'ಹವಾಶ್' ಎಂಬ ಮಸಾಲೆಪುಡಿಯೊಂದಿಗೆ ಬೇಯಿಸಿ ಬಾಳೆಹಣ್ಣಿನ ಜೊತೆ ಉಣ್ಣುತ್ತಾರೆ. ಮಾಂಸದ ರಸಕ್ಕೆ ಅವರು 'ಮರಖ್' ಎನ್ನುತ್ತಾರೆ. ಅರಬಿಯಲ್ಲಿಯೂ ಅದೇ ಪದವಿದೆ.

ಈ ಹೋಲಿಕೆ ಆಕಸ್ಮಿಕವಲ್ಲ. ಚಳಿಗಾಲದಲ್ಲಿ ಈಶಾನ್ಯದಿಂದ ಬೀಸುವ ಗಾಳಿ ಹಾಯಿಹಡಗುಗಳನ್ನು ನಮ್ಮ ಕರಾವಳಿಯಿಂದ ಆಫ್ರಿಕಾದತ್ತ ಒಯ್ಯುತ್ತಿತ್ತು. ಗಾಳಿ ನೈಋತ್ಯಕ್ಕೆ ತಿರುಗಿದಾಗ ಅವೇ ಹಡಗುಗಳು ಮರಳುತ್ತಿದ್ದವು. ನಮ್ಮ ಪಶ್ಚಿಮ ಘಟ್ಟದ ಮೆಣಸು, ಏಲಕ್ಕಿಗಳು ಈ ಗಾಳಿಯ ಮೇಲೆಯೇ ಪಯಣಿಸಿದವು.

ಎರಡೂ ದಡಗಳ ಊಟವನ್ನು ಉಂಡು ಬರೆದಿಟ್ಟ ಸಾಕ್ಷಿಯೊಬ್ಬರು ನಮಗಿದ್ದಾರೆ. ಮೊರಾಕೊದ ಯಾತ್ರಿಕ ಇಬ್ನ್ ಬತೂತಾ 1331ರ ಸುಮಾರಿಗೆ ಮೊಗದಿಶು ತಲುಪಿದರು. ಹಡಗು ಬಂದೊಡನೆ ಊರಿನ ಯುವಕರು ಮುಚ್ಚಿದ ಊಟದ ತಟ್ಟೆಗಳೊಂದಿಗೆ ಚಿಕ್ಕ ದೋಣಿಗಳಲ್ಲಿ ಎದುರುಗೊಂಡು, ಒಬ್ಬೊಬ್ಬ ವರ್ತಕನನ್ನು ತಮ್ಮ ಅತಿಥಿಯೆಂದು ಘೋಷಿಸಿ ಮನೆಗೆ ಕರೆದೊಯ್ಯುತ್ತಿದ್ದರಂತೆ. ಇಬ್ನ್ ಬತೂತಾ ವಿದ್ವಾಂಸರಾದ ಕಾರಣ ಸುಲ್ತಾನರ ಅತಿಥಿಯಾದರು. ಅವರಿಗೆ ಮೊದಲು ಸಿಕ್ಕಿದ್ದು ವೀಳ್ಯದೆಲೆ ಮತ್ತು ಅಡಿಕೆ. ಅನಂತರ ಬಂದದ್ದು ದೊಡ್ಡ ಮರದ ಹರಿವಾಣದಲ್ಲಿ ತುಪ್ಪದ ಅನ್ನ, ಕೋಳಿ, ಮಾಂಸ, ಮೀನು, ತರಕಾರಿಗಳ ಮೇಲೋಗರ, ಮೊಸರು, ಮತ್ತು ನಿಂಬೆ, ಮಾವು, ಹಸಿ ಶುಂಠಿ, ಮೆಣಸಿನ ಗೊಂಚಲುಗಳ ಉಪ್ಪಿನಕಾಯಿ.

ಸುಮಾರು ಹನ್ನೊಂದು ವರ್ಷಗಳ ತರುವಾಯ, 1342ರಲ್ಲಿ ದೆಹಲಿಯಿಂದ ಹೊರಟ ಅದೇ ಯಾತ್ರಿಕರು ನಮ್ಮ ಹೊನ್ನಾವರಕ್ಕೆ ಬಂದರು. ಹುಡುಗಿಯರಿಗೆ ಹದಿಮೂರು, ಹುಡುಗರಿಗೆ ಇಪ್ಪತ್ತಮೂರು ಶಾಲೆಗಳಿದ್ದ, ಸ್ತ್ರೀಯರೂ ಕುರ್‌ಆನನ್ನು ಕಂಠಪಾಠ ಮಾಡಿದ್ದ ಪಟ್ಟಣವದು. ಅಲ್ಲಿನ ಸುಲ್ತಾನ ಜಮಾಲುದ್ದೀನರ ಮನೆಯಲ್ಲಿ ಅವರ ಮುಂದೆ ತಾಮ್ರದ ಹರಿವಾಣ ಬಂದಿತು. ಅದರಲ್ಲಿ ಅನ್ನ, ಅದರ ಮೇಲೆ ತುಪ್ಪ, ಕೋಳಿ, ಮೀನು, ತರಕಾರಿ, ಮೆಣಸು, ಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ, ಕೊನೆಗೆ ಮೊಸರು. ಮರದ ಹರಿವಾಣ ತಾಮ್ರದ್ದಾಯಿತು, ಊಟ ಬಹುಮಟ್ಟಿಗೆ ಅದೇ ಉಳಿಯಿತು. ಕನ್ನಡ ಕರಾವಳಿಯ ಮುಸ್ಲಿಮನೂ ಆಫ್ರಿಕಾದ ಮುಸ್ಲಿಮನೂ ಸುಮಾರು ಏಳುನೂರು ವರ್ಷಗಳ ಹಿಂದೆಯೇ ಒಂದೇ ಬಗೆಯ ಊಟ ಉಣ್ಣುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಆದರೆ ಈ ಸಾಗರವನ್ನು ದಾಟಿ ಬಂದವರೆಲ್ಲರೂ ಅತಿಥಿಗಳಾಗಿ ಬರಲಿಲ್ಲ ಎಂಬುದನ್ನು ನಾವು ಮರೆಯಬಾರದು. ಗುಲಾಮರಾಗಿ ಮಾರಲ್ಪಟ್ಟು ಬಂದವರು ಅಸಂಖ್ಯ. ಅವರಲ್ಲಿ ಕೆಲವರು ಉನ್ನತ ಪದವಿಗೇರಿದರು. ಹಬಶಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಲ್ಪಟ್ಟ ಮಲಿಕ್ ಅಂಬರ್ ಅಹ್ಮದ್‌ನಗರ ರಾಜ್ಯವನ್ನು ನಡೆಸಿ 1626ರಲ್ಲಿ ತೀರಿಕೊಂಡರು. ಹಬಶಿಯಾದ ಇಖ್ಲಾಸ್ ಖಾನ್ ನಮ್ಮ ಬಿಜಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಮಂತ್ರಿಯಾಗಿದ್ದರು. ಉಳಿದವರ ಕಥೆ ಬೇರೆ. ಪೋರ್ಚುಗೀಸರು ಗೋವೆಗೆ ತಂದಿದ್ದ ಗುಲಾಮರಲ್ಲಿ ಹಲವರು ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡುಗಳನ್ನು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲೆಗಳ ಸಿದ್ದಿಗಳ ಪೂರ್ವಜರಲ್ಲಿ ಅವರೂ ಸೇರಿದ್ದಾರೆ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರೂ ಇದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ತಲೆಮಾರುಗಳಿಂದ ಈ ನೆಲದಲ್ಲಿಯೇ ಹುಟ್ಟಿ ಬೆಳೆದ ಸಿದ್ದಿ ಸಹೋದರನನ್ನು ಪೇಟೆಯಲ್ಲಿ ಕಂಡು "ನೀವು ಯಾವ ದೇಶದವರು?" ಎಂದು ಕೇಳುವವರು ನಮ್ಮ ನಡುವೆ ಇಂದಿಗೂ ಇದ್ದಾರೆ.

ಇಸ್ಲಾಮಿನ ಇತಿಹಾಸ ಬಲ್ಲವರಿಗೆ ಇದು ನಾಚಿಕೆಯ ಸಂಗತಿ. ಮಕ್ಕಾದಲ್ಲಿ ಹಿಂಸೆ ಮಿತಿಮೀರಿದಾಗ, ಕ್ರಿ.ಶ. 615ರ ಸುಮಾರಿಗೆ, ಮೊದಲ ವಿಶ್ವಾಸಿಗಳಿಗೆ ಆಶ್ರಯ ಕೊಟ್ಟದ್ದು ಆಫ್ರಿಕಾದ ಹಬಶಾ, ಅದರ ದೊರೆ ನಜ್ಜಾಶಿ. ಮೊದಲ ಅಝಾನ್ ಮೊಳಗಿದ್ದು ಹಝ್ರತ್ ಬಿಲಾಲ್(ರ) ಅವರ ಕಂಠದಿಂದ. ಸಹಾಬಿ ಅಬೂದರ್ರ್(ರ) ಒಮ್ಮೆ ಒಬ್ಬರನ್ನು ಅವರ ತಾಯಿಯ ಮೂಲವನ್ನೆತ್ತಿ ಹಂಗಿಸಿದರು. ಬುಖಾರಿಯ ವರದಿಯಲ್ಲಿ ಆ ವ್ಯಕ್ತಿಯ ಹೆಸರಿಲ್ಲವಾದರೂ ಅವರು ಬಿಲಾಲ್(ರ) ಎಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ಪ್ರವಾದಿ(ಸ) ಅದನ್ನು ಅಜ್ಞಾನಕಾಲದ ಗುಣವೆಂದು ಖಂಡಿಸಿ, ನಿಮ್ಮ ಕೈಕೆಳಗಿನವರು ನಿಮ್ಮ ಸಹೋದರರು, ನೀವು ಉಣ್ಣುವುದನ್ನೇ ಅವರಿಗೂ ಉಣಿಸಬೇಕು ಎಂದು ಬೋಧಿಸಿದರು. ಅದೇ ಅಬೂದರ್ರ್(ರ) ಅವರಿಗೆ ಪ್ರವಾದಿ(ಸ) ನೀಡಿದ ಇನ್ನೊಂದು ಉಪದೇಶ ಸಹೀಹ್ ಮುಸ್ಲಿಮ್‌ನಲ್ಲಿದೆ. ಮಾಂಸದ ಸಾರು ಬೇಯಿಸುವಾಗ ನೀರು ಹೆಚ್ಚು ಹಾಕಿ ನೆರೆಹೊರೆಯವರನ್ನು ನೆನೆಯಬೇಕು ಎಂಬುದು ಅದರ ಸಾರಾಂಶ. ಅಲ್ಲಿ ಸಾರಿಗೆ ಬಳಸಿರುವ ಪದ 'ಮರಖಾ'. ಸೋಮಾಲಿಯಾದ ಮನೆಗಳಲ್ಲಿ ಇಂದಿಗೂ ಕುದಿಯುತ್ತಿರುವುದು ಅದೇ.

ಬೆಂಗಳೂರಿಗೆ ಓದಲು ಬಂದಿರುವ ಆಫ್ರಿಕಾದ ವಿದ್ಯಾರ್ಥಿಗಳು ಜುಮುಅದ ದಿನ ನಮ್ಮ ಪಕ್ಕದಲ್ಲಿಯೇ ನಿಲ್ಲುತ್ತಾರೆ. ಸಫ್ಫಿನಲ್ಲಿ ನಾವು ಅವರ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತೇವೆ. ಸಲಾಮ್ ಮುಗಿದ ಮೇಲೆ ಅವರು ತಮ್ಮ ಬಾಡಿಗೆ ಕೋಣೆಗೆ ಮರಳುತ್ತಾರೆ, ನಾವು ನಮ್ಮ ದಸ್ತರಖಾನಿಗೆ ಮರಳುತ್ತೇವೆ. ಮೊಗದಿಶುವಿನ ಯುವಕರು ಅಪರಿಚಿತ ಹಡಗಿನವರೆಗೂ ಊಟ ಒಯ್ದರು. ನಮಗೆ ಮಸೀದಿಯ ಮೆಟ್ಟಿಲಿನಿಂದ ಮನೆಯವರೆಗೆ ಒಬ್ಬರನ್ನು ಕರೆತರುವುದೂ ದೂರವಾಗಿ ಕಾಣುತ್ತಿದೆ.

ಬರುವ ಬಕ್ರೀದಿಗೆ ಕೆಂಗಲ್ ಸೀಮೆಯ ನಮ್ಮ ಮನೆಗಳಲ್ಲಿ ಒಂದು ದೇಗ್ ಝಾಂಜಿಬಾರಿನ ಪಿಲಾವು ಆಗಲಿ. ಅದು ಬೇಯುತ್ತಿರುವಾಗ ಮಕ್ಕಳಿಗೆ ನಜ್ಜಾಶಿಯ, ಬಿಲಾಲ್(ರ)ರ, ಯಲ್ಲಾಪುರದ ಸಿದ್ದಿಗಳ ಕಥೆ ಹೇಳೋಣ. ರಸಕ್ಕೆ ಒಂದು ಚೊಂಬು ನೀರು ಹೆಚ್ಚು ಹಾಕಿ, ಇದುವರೆಗೆ ಕರೆಯದೆ ಉಳಿದ ಒಬ್ಬರನ್ನು ಊಟಕ್ಕೆ ಕರೆಯೋಣ. ಅಲ್ಲಾಹನು ನಮ್ಮ ಅನ್ನದಲ್ಲಿ ಬರಕತ್ ನೀಡಲಿ. ಆಮೀನ್.